ಪಾರ್ಕೂರ್ ಯಾರದ್ದು? ಲೀಸ್‌ನ ಹುಡುಗರಿಂದ ಟೋಕಿಯೋ ಸ್ಪರ್ಧೆಯವರೆಗೆ

ಪಾರ್ಕೂರ್ ಅಂದರೆ ಗೋಡೆ, ಮೆಟ್ಟಿಲು, ಕಂಬಿಯಂಥ ಅಡೆತಡೆಗಳನ್ನು ಓಡಿ, ನೆಗೆದು, ಹತ್ತಿ ದಾಟುವ ವಿದ್ಯೆ. ಆದರೆ ಹೆಸರು ಕೇಳಿದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಮೊಬೈಲ್‌ನಲ್ಲಿ ನೋಡಿದ ಯಾವುದೋ ವಿಡಿಯೋ. ಒಬ್ಬ ಹುಡುಗ ತಾರಸಿಯಿಂದ ತಾರಸಿಗೆ ಹಾರುತ್ತಾನೆ, ನೋಡುವವರ ಎದೆ ಝಲ್ ಅನ್ನುತ್ತದೆ. ಅದನ್ನು ನೋಡಿ ಮನೆಯ ಮಗ 'ನಾನೂ ಕಲೀತೀನಿ' ಅಂದರೆ ಅಪ್ಪ ಅಮ್ಮ ಬೈಯುವುದು ಸಹಜ ಅಲ್ವಾ? ಹಠ ಹಿಡಿದು ಮಾಹಿತಿ ಹುಡುಕಲು ಕೂತರೆ ತಲೆ ಇನ್ನೂ ಕೆಡುತ್ತದೆ. ಒಬ್ಬರು ಇದನ್ನು ಕ್ರೀಡೆ ಅನ್ನುತ್ತಾರೆ. ಇನ್ನೊಬ್ಬರು ಕ್ರೀಡೆಯೇ ಅಲ್ಲ ಅನ್ನುತ್ತಾರೆ. ಒಂದು ಕಡೆ ಪಾರ್ಕೂರ್, ಇನ್ನೊಂದು ಕಡೆ ಫ್ರೀರನ್ನಿಂಗ್, ಮತ್ತೊಂದು ಕಡೆ 'ಆರ್ ದ್ಯು ದೆಪ್ಲಾಸ್ಮಾಂ' ಅನ್ನುವ ಫ್ರೆಂಚ್ ಹೆಸರು. ವಿಶ್ವ ಚಾಂಪಿಯನ್‌ಶಿಪ್ ನಡೆಸುವವರು ಜಿಮ್ನಾಸ್ಟಿಕ್ಸ್‌ನವರು. ಅದನ್ನು ಒಪ್ಪದವರು ಪಾರ್ಕೂರ್‌ನ ಹಳಬರು. ಈ ಜಗಳ ಹೇಗೆ ಬೆಳೆಯಿತು ಅಂತ ಗೊತ್ತಾದರೆ, ಹೊಸಬರು ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಅರ್ಧ ಗೊತ್ತಾದ ಹಾಗೆ.

ಬೇರು ಹುಡುಕುತ್ತಾ ಹೋದರೆ 1902ಕ್ಕೆ ಹೋಗಬೇಕು. ಆ ವರ್ಷ ಮೇ ತಿಂಗಳಲ್ಲಿ ಕೆರಿಬಿಯನ್ ದ್ವೀಪ ಮಾರ್ಟಿನಿಕ್‌ನಲ್ಲಿ ಪೆಲೇ ಜ್ವಾಲಾಮುಖಿ ಸಿಡಿದು ಸೇಂಟ್ ಪಿಯೇರ್ ಪಟ್ಟಣ ನಿಮಿಷಗಳಲ್ಲಿ ನಾಶವಾಯಿತು. ಸತ್ತವರು ಸುಮಾರು 30,000. ಆಗ ಅಲ್ಲಿ ಜನರನ್ನು ಕಾಪಾಡುವ ಕೆಲಸದಲ್ಲಿದ್ದ ಜಾರ್ಜ್ ಎಬೇರ್ ಎಂಬ ಫ್ರೆಂಚ್ ನೌಕಾಪಡೆಯ ಅಧಿಕಾರಿ, ಕಷ್ಟ ಬಂದಾಗ ಕೆಲಸಕ್ಕೆ ಬಾರದ ಮೈಕಟ್ಟು ಇದ್ದೇನು ಬಿಟ್ಟೇನು ಎಂಬ ತೀರ್ಮಾನಕ್ಕೆ ಬಂದ. ನಡೆಯುವುದು, ಓಡುವುದು, ನೆಗೆಯುವುದು, ಹತ್ತುವುದು, ತೂಕ ಎತ್ತುವುದು, ನಾಲ್ಕು ಕಾಲಲ್ಲಿ ಸಾಗುವುದು, ಈಜುವುದು, ಇವನ್ನೆಲ್ಲ ಸೇರಿಸಿ ಒಂದು ತರಬೇತಿ ಪದ್ಧತಿ ಕಟ್ಟಿದ. ಉಪಯೋಗಕ್ಕೆ ಬರಲು ಬಲಶಾಲಿಯಾಗಿರು ಅನ್ನುವುದು ಅದರ ಘೋಷವಾಕ್ಯ. ಎರಡು ಮಹಾಯುದ್ಧಗಳು ಬಂದು ಹೋದವು. ಅಷ್ಟರಲ್ಲಿ ಈ ಪದ್ಧತಿ ಫ್ರಾನ್ಸಿನ ಸೈನ್ಯದ ಅಡೆತಡೆ ಓಟಕ್ಕೆ, ಅಗ್ನಿಶಾಮಕ ದಳದ ಕವಾಯತಿಗೆ ಸೇರಿಹೋಗಿತ್ತು.

ಮುಂದಿನ ಕೊಂಡಿ ಆಗ ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಂನಲ್ಲಿ ಸಿಗುತ್ತದೆ. ರೇಮಂಡ್ ಬೆಲ್ ಹುಟ್ಟಿದ್ದು 1939ರಲ್ಲಿ, ಅಪ್ಪ ಫ್ರೆಂಚ್, ಅಮ್ಮ ವಿಯೆಟ್ನಾಮೀ. ಯುದ್ಧದಲ್ಲಿ ಮನೆಯವರಿಂದ ಬೇರ್ಪಟ್ಟು ದಲಾತ್ ಊರಿನ ಸೈನಿಕ ಅನಾಥಾಲಯ ಸೇರಿದ. ಬಲ ಇಲ್ಲದವನಿಗೆ ಅಲ್ಲಿ ಉಳಿಗಾಲ ಇರಲಿಲ್ಲ. ಉಳಿದ ಹುಡುಗರು ಮಲಗಿದ ಮೇಲೆ ಇವನೊಬ್ಬನೇ ಎದ್ದು ಹೋಗಿ ಓಡುತ್ತಿದ್ದ, ಮರ ಹತ್ತುತ್ತಿದ್ದ, ಸೈನಿಕರ ಅಡೆತಡೆಗಳನ್ನು ದಾಟುತ್ತಿದ್ದ. 1954ರಲ್ಲಿ ಫ್ರೆಂಚರು ದಿಯೆನ್ ಬಿಯೆನ್ ಫುನಲ್ಲಿ ಸೋತ ಮೇಲೆ ಫ್ರಾನ್ಸಿಗೆ ಬಂದ. ಮುಂದೆ ಪ್ಯಾರಿಸ್ ಅಗ್ನಿಶಾಮಕ ದಳ ಸೇರಿ ಹೆಸರು ಮಾಡಿದ. ಅವನ ಮಗನೇ ಡೇವಿಡ್ ಬೆಲ್.

ಇಲ್ಲಿಂದ ಮುಂದಿನ ಹತ್ತು ವರ್ಷವೇ ನಿಜವಾದ ಕಥೆ. ಜನ ಕಡಿಮೆ ಓದಿರುವುದೂ ಇದನ್ನೇ.

ಪ್ಯಾರಿಸ್‌ನ ದಕ್ಷಿಣಕ್ಕೆ ಎವ್ರಿ ಅಂತ ಒಂದು ಪಟ್ಟಣ. ರಾಜಧಾನಿಯ ಜನಸಂದಣಿ ಕಡಿಮೆ ಮಾಡಲು 1960ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದ ಹೊಸ ಊರು. ಅದರ ಪಕ್ಕದ್ದು ಲೀಸ್. ಎಲ್ಲಿ ನೋಡಿದರೂ ಕಾಂಕ್ರೀಟು. ಮೆಟ್ಟಿಲು, ಕಂಬಿ, ಎತ್ತರ ತಗ್ಗಿನ ಗೋಡೆಗಳು, ಕಾಲುಸೇತುವೆಗಳು. ಆಫ್ರಿಕಾ, ಏಷ್ಯಾ, ಪೆಸಿಫಿಕ್ ದ್ವೀಪಗಳಿಂದ ಬಂದ ಕುಟುಂಬಗಳು ಪಕ್ಕಪಕ್ಕದಲ್ಲಿ ವಾಸ. ಹುಡುಗರಿಗೆ ಸಂಜೆ ಮಾಡಲು ಏನೂ ಇಲ್ಲ. ಆ ಭಾಗದ ಒಂದು ಪಾರ್ಕಿನಲ್ಲಿ 'ಲೇಡಿ ಆಫ್ ದ ಲೇಕ್' ಎಂದು ಕರೆಯುವ ದೊಡ್ಡ ಕಾಂಕ್ರೀಟ್ ಶಿಲ್ಪವೊಂದಿದೆ. ಪಿಯೇರ್ ಸೆಕೆಲಿ ಎಂಬ ಶಿಲ್ಪಿ 1970ರ ದಶಕದಲ್ಲಿ ಮಾಡಿದ್ದು. ಈಗ ಅದು ಪಾರ್ಕೂರ್ ಮಂದಿಗೆ ತೀರ್ಥಕ್ಷೇತ್ರವೇ ಸರಿ.

1973ರಲ್ಲಿ ಹುಟ್ಟಿದ ಡೇವಿಡ್ ಹದಿನೈದರ ಆಸುಪಾಸಿನಲ್ಲಿ ಲೀಸ್‌ಗೆ ಬಂದ. ತಲೆಯಲ್ಲಿ ಅಪ್ಪ ಹೇಳಿದ ಕಥೆಗಳು ತುಂಬಿದ್ದವು. ಅಲ್ಲಿ ಆಗಲೇ ಯಾನ್ ನೌತ್ರಾ ಎಂಬ ಸ್ವಲ್ಪ ದೊಡ್ಡ ಹುಡುಗನ ಸುತ್ತ ಒಂದು ಗುಂಪು ಬೆಳೆಯುತ್ತಿತ್ತು. ಸೆಬಾಸ್ಟಿಯನ್ ಫೂಕಾನ್, ಶೌ ಬೆಲ್ ದಿನ್, ವಿಲಿಯಮ್ಸ್ ಬೆಲ್, ಲೋರಾಂ ಪಿಯೆಮೊಂತೇಸಿ, ಶಾರ್ಲ್ ಪೆರಿಯೇರ್, ಮಲಿಕ್ ದಿಯೂಫ್, ಗಿಲೇನ್ ಬೊಯೆಕೆ ಹೀಗೆ ಒಬ್ಬೊಬ್ಬರೇ ಸೇರಿಕೊಂಡರು. ಕೋಚ್ ಇಲ್ಲ, ಚಾಪೆ ಇಲ್ಲ, ನೋಡುವವರೂ ಇಲ್ಲ.

ಏನು ಮಾಡುತ್ತಿದ್ದರು? ತಾರಸಿ ಹಾರುವುದು ಬಹಳ ಕಡಿಮೆ. ಒಂದೇ ನೆಗೆತವನ್ನು ನೂರಾರು ಸಲ ಮಾಡುವುದು. ಅಂಗೈ ಸುಲಿಯುವ ತನಕ ನಾಲ್ಕು ಕಾಲಲ್ಲಿ ಮೆಟ್ಟಿಲು ಹತ್ತಿ ಇಳಿಯುವುದು. ಮಳೆ ಬಂದರೂ ಚಳಿ ಇದ್ದರೂ ನಿಲ್ಲಿಸದಿರುವುದು. ಒಬ್ಬ ಶುರು ಮಾಡಿದ್ದನ್ನು ಎಲ್ಲರೂ ಮುಗಿಸಿಯೇ ಮನೆಗೆ ಹೋಗುವುದು. ನಮ್ಮ ಗರಡಿಮನೆಯಲ್ಲಿ ಕುಸ್ತಿ ಕಣಕ್ಕೆ ಇಳಿಯುವ ಮೊದಲು ವರ್ಷಗಟ್ಟಲೆ ದಂಡ, ಬಸ್ಕಿ ಹೊಡೆಸುತ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಇಲ್ಲಿ ಉಸ್ತಾದ್ ಯಾರೂ ಇಲ್ಲ, ಹುಡುಗರೇ ಒಬ್ಬರಿಗೊಬ್ಬರು ಉಸ್ತಾದ್. ಗೆಲ್ಲಬೇಕು ಎನ್ನುವ ಮಾತೇ ಇರಲಿಲ್ಲ, ಯಾಕೆಂದರೆ ಸ್ಪರ್ಧೆಯೇ ಇರಲಿಲ್ಲ.

1997ರಲ್ಲಿ ಡೇವಿಡ್‌ನ ಅಣ್ಣ ಜಾನ್ ಫ್ರಾನ್ಸ್ವಾ ಇವರನ್ನು ಪ್ಯಾರಿಸ್ ಅಗ್ನಿಶಾಮಕ ದಳದ ಪ್ರದರ್ಶನಕ್ಕೆ ಕರೆಸಿದರು. ಆಗ ಗುಂಪಿಗೆ ಹೆಸರು ಬೇಕಾಯಿತು. ಕಾಂಗೋದ ಲಿಂಗಾಲಾ ಭಾಷೆಯಿಂದ 'ಯಮಕಾಸಿ' ಎಂಬ ಹೆಸರು ಆರಿಸಿಕೊಂಡರು, ಗಟ್ಟಿ ಮನಸ್ಸು, ಗಟ್ಟಿ ಮೈ ಅಂತ ಅದರ ಭಾವ. ಮಾಡುವ ಕೆಲಸಕ್ಕೆ 'ಆರ್ ದ್ಯು ದೆಪ್ಲಾಸ್ಮಾಂ', ಅಂದರೆ ಚಲನೆಯ ಕಲೆ ಅಂದರು. ಜನರೆದುರು ಬಂದದ್ದೇ ತಡ, ಬಿರುಕು ಶುರುವಾಯಿತು. ಒಂದು ಸಂಗೀತ ನಾಟಕದವರು ಕರೆದಾಗ ಹಣದ ವಿಚಾರಕ್ಕೂ, ನಾವು ಮಾಡುತ್ತಿರುವುದು ಏನು ಎಂಬ ವಿಚಾರಕ್ಕೂ ಒಮ್ಮತ ಬರಲಿಲ್ಲ. ಡೇವಿಡ್ ಮತ್ತು ಫೂಕಾನ್ ಹೊರಗೆ ನಡೆದರು. 1998ರಲ್ಲಿ ಡೇವಿಡ್ ತನ್ನ ದಾರಿಗೆ 'ಪಾರ್ಕೂರ್' ಅಂತ ಹೆಸರಿಟ್ಟ. ಸೈನ್ಯದ ಅಡೆತಡೆ ಓಟಕ್ಕೆ ಇದ್ದ ಫ್ರೆಂಚ್ ಪದವನ್ನೇ ಸ್ವಲ್ಪ ತಿರುಚಿ ಹೀಗೆ ಬರೆಯಲು ಸೂಚಿಸಿದ್ದು ಉಬೇರ್ ಕುಂದೆ ಎಂಬ ನಟ.

ಆಮೇಲೆ ಕ್ಯಾಮೆರಾ ಬಂತು. 2001ರಲ್ಲಿ ಉಳಿದ ಏಳು ಮಂದಿ ನಟಿಸಿದ 'ಯಮಕಾಸಿ' ಸಿನಿಮಾ. 2002ರಲ್ಲಿ ಬಿಬಿಸಿಯ ಜಾಹೀರಾತು: ಆಫೀಸು ಮುಗಿಸಿದ ಡೇವಿಡ್ ಲಂಡನ್ ತಾರಸಿಗಳ ಮೇಲೆ ಓಡಿ ಮನೆ ಸೇರುತ್ತಾನೆ. 2003ರಲ್ಲಿ ಚಾನೆಲ್ 4ರ 'ಜಂಪ್ ಲಂಡನ್' ಸಾಕ್ಷ್ಯಚಿತ್ರ. ಅದರಲ್ಲಿ ಫೂಕಾನ್ ಮತ್ತು ಇಬ್ಬರು ಗೆಳೆಯರು ಲಂಡನ್ನಿನ ಹೆಸರಾಂತ ಕಟ್ಟಡಗಳ ಮೇಲೆ ಹಾರಿದರು. ಇಂಗ್ಲಿಷ್ ನೋಡುಗರಿಗೆ ಅರ್ಥವಾಗಲಿ ಅಂತ 'ಫ್ರೀರನ್ನಿಂಗ್' ಎಂಬ ಹೆಸರು ಹುಟ್ಟಿದ್ದು ಆಗಲೇ. ಕ್ರಮೇಣ ಲಾಗ, ಪಲ್ಟಿ, ಚಮತ್ಕಾರ ಜಾಸ್ತಿ ಇರುವ ಶೈಲಿಗೆ ಆ ಹೆಸರು ಅಂಟಿತು. 2006ರ ಜೇಮ್ಸ್ ಬಾಂಡ್ ಸಿನಿಮಾ 'ಕಸಿನೋ ರಾಯಲ್'ನಲ್ಲಿ ಕ್ರೇನ್ ಮೇಲೆ ಓಡುವ ಆರೋಪಿಯೂ ಇದೇ ಫೂಕಾನ್. ನಮ್ಮ ಊರುಗಳಲ್ಲಿ ಎಷ್ಟೋ ಜನ ಈ ವಿದ್ಯೆಯನ್ನು ಮೊದಲು ಕಂಡದ್ದು ಆ ದೃಶ್ಯದಲ್ಲಿ.

ಸಿನಿಮಾ ಮಾಡಿದ್ದು ತಪ್ಪು ಅಂತ ಹೇಳಲಾಗದು. ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಅದು ಸಿಕ್ಕ ಮೊದಲ ಸಂಪಾದನೆ. ಆದರೆ ಕ್ಯಾಮೆರಾಗೆ ಬೇಕಾದದ್ದು ಎತ್ತರ. ನೂರಾರು ಸಲ ಮಾಡಿದ ಅಭ್ಯಾಸ ಯಾರಿಗೆ ಬೇಕು? ಅದನ್ನು ತೋರಿಸಿದರೆ ಜನ ಚಾನೆಲ್ ಬದಲಿಸುತ್ತಾರೆ. ಹಾಗಾಗಿ ಜಗತ್ತಿಗೆ ತಲುಪಿದ್ದು ಕೊನೆಯ ನೆಗೆತ ಮಾತ್ರ. ಅದರ ಹಿಂದಿನ ಹತ್ತು ವರ್ಷ ಲೀಸ್‌ನಲ್ಲೇ ಉಳಿಯಿತು.

ಬ್ರಿಟನ್‌ನಲ್ಲಿ ಮಾತ್ರ ಬೆಳವಣಿಗೆ ಸ್ವಲ್ಪ ಬೇರೆ ಥರ ಆಯಿತು. ಫ್ರೆಂಚ್ ಹಳಬರ ಹತ್ತಿರ ಕಲಿತವರು ತರಗತಿ ಶುರು ಮಾಡಿದರು, ಶಾಲೆಗಳಿಗೆ ಹೋದರು, ಬೋಧಕರಿಗೆ ಪರೀಕ್ಷೆ ಇಟ್ಟರು. 2009ರಲ್ಲಿ ಪಾರ್ಕೂರ್ ಯುಕೆ ಸಂಸ್ಥೆ ಹುಟ್ಟಿತು. 2017ರ ಜನವರಿಯಲ್ಲಿ ಪಾರ್ಕೂರನ್ನು ಕ್ರೀಡೆ ಅಂತ ಅಧಿಕೃತವಾಗಿ ಒಪ್ಪಿದ ಮೊದಲ ದೇಶ ಬ್ರಿಟನ್.

ಅದೇ ವರ್ಷ ದೊಡ್ಡ ಗಲಾಟೆಯೂ ಎದ್ದಿತು. 1881ರಿಂದ ಇರುವ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ, ಪಾರ್ಕೂರನ್ನು ತನ್ನ ವಿಭಾಗವಾಗಿ ಬೆಳೆಸುವುದಾಗಿ ಹೇಳಿತು. ಗುರಿ ಒಲಿಂಪಿಕ್ಸ್. ಒಕ್ಕೂಟಕ್ಕೆ ಅದರದೇ ಲೆಕ್ಕ ಇತ್ತು: ಹೊಸ ತಲೆಮಾರಿನ ಹುಡುಗರನ್ನು ಸೆಳೆಯಬೇಕು, ಹಣ, ಸ್ಥಳ, ತೀರ್ಪುಗಾರರ ವ್ಯವಸ್ಥೆ ಆಗಲೇ ಇದೆ. ಪಾರ್ಕೂರ್ ಗುಂಪುಗಳ ಪ್ರಶ್ನೆಯೂ ಸರಳವಾಗಿತ್ತು. ನಮ್ಮನ್ನು ಕೇಳಿದಿರಾ? 'ನಾವು ಜಿಮ್ನಾಸ್ಟಿಕ್ಸ್ ಅಲ್ಲ' ಎಂಬ ಆಂದೋಲನ ಹರಡಿತು. ಬ್ರಿಟನ್, ಫ್ರಾನ್ಸ್, ನ್ಯೂಜಿಲೆಂಡ್ ಸೇರಿದಂತೆ ಕೆಲವು ದೇಶಗಳ ಸಂಘಗಳು ಕೂಡಿ 'ಪಾರ್ಕೂರ್ ಅರ್ಥ್' ಕಟ್ಟಿದವು. ಲೀಸ್‌ನ ಹಳೇ ಗೆಳೆಯರಲ್ಲೇ ಕೆಲವರು ಒಕ್ಕೂಟದ ಜೊತೆ ಕೈಜೋಡಿಸಿದರು, ಕೆಲವರು ದೂರ ಉಳಿದರು. ಹಾಗಾಗಿ ಒಳಗಿನವರು, ಹೊರಗಿನವರು ಅಂತ ಗೆರೆ ಎಳೆಯುವುದೂ ಸುಲಭ ಇಲ್ಲ.

2018ರ ಕೊನೆಗೆ ಅಜರ್‌ಬೈಜಾನ್‌ನ ಬಾಕು ನಗರದ ಸಭೆಯಲ್ಲಿ ಒಕ್ಕೂಟ ಪಾರ್ಕೂರನ್ನು ವಿಭಾಗವಾಗಿ ಸೇರಿಸಿಕೊಂಡೇ ಬಿಟ್ಟಿತು. ಹಿರೋಶಿಮಾದಲ್ಲಿ 2020ಕ್ಕೆ ನಿಗದಿಯಾಗಿದ್ದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಕೋವಿಡ್‌ನಿಂದ ತಪ್ಪಿ, 2022ರ ಅಕ್ಟೋಬರ್‌ನಲ್ಲಿ ಟೋಕಿಯೋದಲ್ಲಿ ನಡೆಯಿತು. ಎರಡು ಬಗೆಯ ಸ್ಪರ್ಧೆ: ಒಂದರಲ್ಲಿ ವೇಗ, ಇನ್ನೊಂದರಲ್ಲಿ ಅಂಕ. ಒಲಿಂಪಿಕ್ಸ್ ಮಾತ್ರ ಕೈಗೆ ಸಿಗಲಿಲ್ಲ. ಪ್ಯಾರಿಸ್ 2024ರಲ್ಲಿ ಬ್ರೇಕ್‌ಡಾನ್ಸ್‌ಗೆ ಜಾಗ ಸಿಕ್ಕಿತು, ಪಾರ್ಕೂರ್‌ಗೆ ಇಲ್ಲ. ಅದೂ ಅದು ಹುಟ್ಟಿದ ಊರಿನ ಪಕ್ಕದಲ್ಲೇ! ಲಾಸ್ ಏಂಜಲೀಸ್ 2028ರ ಪಟ್ಟಿಯಲ್ಲೂ ಇಲ್ಲ. ಅಂಕ ಕೊಡಲು ಶುರು ಮಾಡಿದರೆ ಜನ ಅಂಕ ಬರುವುದನ್ನಷ್ಟೇ ಅಭ್ಯಾಸ ಮಾಡುತ್ತಾರೆ ಎಂಬ ಹಳಬರ ಆತಂಕ ಸುಮ್ನೆ ಹುಟ್ಟಿದ್ದಲ್ಲ. ಬೇರೆ ಆಟಗಳಲ್ಲಿ ಅದು ಆಗಿದೆ.

ಇಷ್ಟೆಲ್ಲ ಕಿತ್ತಾಟದ ನಡುವೆ ಒಂದು ವಿಷಯದಲ್ಲಿ ಎರಡೂ ಕಡೆಯ ಬೋಧಕರು ಒಂದೇ ಮಾತು ಹೇಳುತ್ತಾರೆ. ಕಲಿಕೆ ಶುರುವಾಗುವುದು ನೆಲದ ಮೇಲೆ.

ಮೊದಲು ಕಲಿಯಬೇಕಾದದ್ದು ಇಳಿಯುವುದು. ಹಾರುವುದು ಆಮೇಲೆ. ಪಾದದ ಮುಂಭಾಗ ಮೊದಲು ನೆಲ ಮುಟ್ಟಬೇಕು, ಹಿಮ್ಮಡಿ ಕುಟ್ಟಬಾರದು. ಮಂಡಿ ಬಾಗಬೇಕು, ಆದರೆ ಪೂರ್ತಿ ಕುಕ್ಕರುಗಾಲಿಗೆ ಹೋಗಬಾರದು, ಎರಡು ಮಂಡಿ ಒಳಕ್ಕೆ ವಾಲಬಾರದು. ಸರಿಯಾಗಿ ಇಳಿದಿರೋ ಇಲ್ಲವೋ ಅಂತ ಕಿವಿಯೇ ಹೇಳುತ್ತದೆ: ದಬ್ ಅಂತ ಸದ್ದು ಬಂದರೆ ಪೆಟ್ಟು ಮಂಡಿಗೆ, ಸೊಂಟಕ್ಕೆ ಹೋಗುತ್ತಿದೆ ಅಂತ ಲೆಕ್ಕ. ನೆಲದಲ್ಲಿ ಎರಡು ಗೆರೆ ಎಳೆದು ಒಂದರಿಂದ ಇನ್ನೊಂದಕ್ಕೆ ನೆಗೆದು, ಅಲುಗಾಡದೆ ನಿಲ್ಲುವುದನ್ನು ರೂಢಿಸಿಕೊಳ್ಳಿ. ದೂರವನ್ನು ನಿಮ್ಮ ಪಾದದಿಂದಲೇ ಅಳೆಯಿರಿ. ಪಾರ್ಕೂರ್ ಮಂದಿ ಎಲ್ಲ ಕಡೆ ಹಾಗೇ ಅಳೆಯುತ್ತಾರೆ. ಅದು ಪಕ್ಕಾ ಆದ ಮೇಲೆ ಫುಟ್‌ಪಾತ್ ಅಂಚು, ಆಮೇಲೆ ಮೆಟ್ಟಿಲು. ಭುಜದಿಂದ ಎದುರು ಸೊಂಟದವರೆಗೆ ಓರೆಯಾಗಿ ಉರುಳುವುದನ್ನು ಹುಲ್ಲಿನ ಮೇಲೆ ಕಲಿಯಿರಿ. ತಲೆ, ಬೆನ್ನುಮೂಳೆ ನೆಲಕ್ಕೆ ತಾಗಬಾರದು. ಸೊಂಟದೆತ್ತರದ ಕಟ್ಟೆ ಸಿಕ್ಕರೆ ಒಂದು ಕೈ, ಒಂದು ಕಾಲು ಊರಿ ದಾಟುವುದು ಮೊದಲ ವಾಲ್ಟ್, ಅಂದರೆ ಅಡೆತಡೆ ದಾಟುವ ಪಟ್ಟು. ಜೊತೆಗೆ ನಾಲ್ಕು ಕಾಲ ನಡಿಗೆ, ಬಸ್ಕಿ, ದಂಡ, ಕಂಬಿಗೆ ನೇತಾಡುವುದು. ಲಾಗ ಹಾಕುವ ಆಸೆ ಇದ್ದರೆ ಅದನ್ನು ಜಿಮ್‌ನಲ್ಲಿ, ಚಾಪೆಯ ಮೇಲೆ, ಗೊತ್ತಿರುವವರ ಎದುರು ಮಾಡಿ.

ಸಾಮಾನು ಏನೂ ಬೇಡ. ತೆಳು, ಬಾಗುವ ರಬ್ಬರ್ ಸೋಲಿನ ಶೂ ಸಾಕು. ಕೈಗವಸು ಹಾಕಿದರೆ ಹಿಡಿತ ಗೊತ್ತಾಗುವುದಿಲ್ಲ. ನಮ್ಮ ಕಡೆ ಗೋಡೆ ಮುಟ್ಟುವ ಮೊದಲು ಮೇಲೆ ಗಾಜಿನ ಚೂರು ನೆಟ್ಟಿದ್ದಾರಾ ನೋಡಲೇಬೇಕು. ಇಟ್ಟಿಗೆ ಸಡಿಲ ಇದೆಯಾ ಅಂತ ಕೈಯಿಂದ ಅಲುಗಾಡಿಸಿ ನೋಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಪಾಚಿ ಕಟ್ಟಿದ ಕಲ್ಲಿನ ಸಹವಾಸವೇ ಬೇಡ. ಅಪಾರ್ಟ್‌ಮೆಂಟ್ ಆವರಣವಾದರೆ ವಾಚ್‌ಮನ್‌ಗೆ ಮೊದಲೇ ಒಂದು ಮಾತು ಹೇಳಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಬೆಂಗಳೂರಿನಲ್ಲಿ ಪಾರ್ಕುಗಳಲ್ಲಿ ಅಭ್ಯಾಸ ಮಾಡುವ ಗುಂಪುಗಳಿವೆ. ಒಬ್ಬರೇ ಕಲಿಯುವುದಕ್ಕಿಂತ ಅಂಥವರ ಜೊತೆ ಸೇರುವುದು ಒಳ್ಳೆಯದು. ಹೋದ ಮೊದಲ ದಿನವೇ ಎತ್ತರದಿಂದ ಹಾರಿಸುವವರು ಸಿಕ್ಕರೆ ಬೇರೆ ಗುಂಪು ಹುಡುಕಿ.

ಶುರುವಿನಲ್ಲಿ ವಾರಕ್ಕೆ ಎರಡು ಮೂರು ದಿನ ಸಾಕು. ಮಾಂಸಖಂಡ ಬೇಗ ಗಟ್ಟಿಯಾಗುತ್ತದೆ, ಕೀಲು ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಟ್ಟಲೆ ಬೇಕು. ಹೊಸಬರು ಪೆಟ್ಟು ಮಾಡಿಕೊಳ್ಳುವುದು ಜಾಸ್ತಿ ಈ ಅಂತರದಲ್ಲೇ: ಮೈಗೆ ಬಲ ಬಂದಿರುತ್ತದೆ, ಮಂಡಿ ಇನ್ನೂ ತಯಾರಾಗಿರುವುದಿಲ್ಲ.