ಸೈಕಲ್ ಲೇನ್ ಮೂಲಭೂತ ಹಕ್ಕು ಅಂತ ಕೋರ್ಟು ಹೇಳಿತಾ?

ಪ್ರಶ್ನೆ: ಟೊರಾಂಟೊದಲ್ಲಿ ಸೈಕಲ್ ಲೇನ್ ಜನರ ಮೂಲಭೂತ ಹಕ್ಕು ಅಂತ ತೀರ್ಪು ಬಂದಿದೆಯಂತೆ. ಹಾಗಾದರೆ ಸರ್ಕಾರ ಇನ್ನು ಲೇನ್‌ಗಳನ್ನು ಮುಟ್ಟೋ ಹಾಗೇ ಇಲ್ಲವಾ?

ಉತ್ತರ: ಇಲ್ಲ ಸ್ವಾಮಿ, ಕೋರ್ಟು ಹಾಗೆ ಹೇಳಿಲ್ಲ. ಈ ಪ್ರಶ್ನೆ ಮಿಸಿಸಾಗಾದಿಂದ ಬಂತು, ಬ್ರಾಂಪ್ಟನ್‌ನಿಂದ ಬಂತು, ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಹಿರಿಯರೊಬ್ಬರಿಂದಲೂ ಬಂತು. ಇದೇ ಕೊನೆ ಸಲ ಅಂದುಕೊಂಡು ಬರೆಯುತ್ತಿದ್ದೇನೆ.

ಹಿನ್ನೆಲೆ ನಿಮಗೆ ಗೊತ್ತೇ ಇದೆ. 2024ರ ನವೆಂಬರ್‌ನಲ್ಲಿ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರ ಬಿಲ್ 212 ಅನ್ನುವ ಮಸೂದೆ ಪಾಸು ಮಾಡಿತು. ಕಾರಿನ ಲೇನ್ ಕಡಿಮೆ ಮಾಡಿ ಸೈಕಲ್ ಲೇನ್ ಹಾಕಬೇಕಾದರೆ ನಗರಗಳು ಪ್ರಾಂತ್ಯದ ಅನುಮತಿ ಪಡೆಯಬೇಕು ಅಂದಿತು. ಜೊತೆಗೆ ಟೊರಾಂಟೊದ ಬ್ಲೂರ್, ಯಂಗ್, ಯೂನಿವರ್ಸಿಟಿ ಈ ಮೂರು ರಸ್ತೆಗಳ ಲೇನ್‌ಗಳನ್ನು ತಾನೇ ಕಿತ್ತುಹಾಕುತ್ತೇನೆ ಅಂದಿತು. ಸೈಕಲ್ ಸವಾರರು ಕೋರ್ಟಿಗೆ ಹೋದರು. 2025ರ ಜುಲೈ 30ರಂದು ನ್ಯಾಯಮೂರ್ತಿ ಪಾಲ್ ಶಾಬಸ್ ಅವರು, ಕೀಳುವುದು ಸಂವಿಧಾನಬಾಹಿರ ಅಂದರು.

ಎಲ್ಲರೂ ಎಡವುವುದು ಇಲ್ಲೇ. ಸೈಕಲ್ ಲೇನ್ ಹಾಕಿಕೊಡಿ ಅಂತ ಕೇಳುವ ಹಕ್ಕು ಯಾರಿಗೂ ಇದೆ ಅಂತ ತೀರ್ಪು ಹೇಳಿಲ್ಲ. ಪ್ರಶ್ನೆ ಅದಲ್ಲ ಅಂತಲೇ ಹೇಳಿದೆ. ಅದು ನಿಂತಿರುವುದು ಕೆನಡಾದ ಹಕ್ಕುಗಳ ಸನ್ನದಿನ 7ನೇ ವಿಧಿಯ ಮೇಲೆ. ನಮ್ಮ ಭಾರತದ ಸಂವಿಧಾನದ 21ನೇ ವಿಧಿಯ ದೂರದ ನೆಂಟ ಅಂದುಕೊಳ್ಳಿ: ಜೀವ, ಸ್ವಾತಂತ್ರ್ಯ, ದೇಹದ ಸುರಕ್ಷತೆ. ಸರ್ಕಾರ ಜೀವಕ್ಕೆ ಅಪಾಯ ತರುವ ಕೆಲಸವನ್ನು ಮನಸೋಇಚ್ಛೆ ಮಾಡುವ ಹಾಗಿಲ್ಲ.

ಕೆರೆ ಏರಿ ಮೇಲಿನ ರಸ್ತೆ ನೆನಪಿಸಿಕೊಳ್ಳಿ. ತಡೆಗೋಡೆ ಕಟ್ಟಿಸಲೇಬೇಕು ಅಂತ ಯಾರೂ ಆಜ್ಞೆ ಮಾಡಿಲ್ಲ. ಆದರೆ ಗೋಡೆ ಇದೆ, ಜನ ಅದನ್ನೇ ನಂಬಿ ಓಡಾಡುತ್ತಿದ್ದಾರೆ. ಈಗ ಒಬ್ಬ ಬಂದು, ಗೋಡೆ ಒಡೆದರೆ ಬಸ್ಸುಗಳು ಬೇಗ ಹೋಗುತ್ತವೆ ಅನ್ನುತ್ತಾನೆ. ಹೋಗಲ್ಲ ಅಂತ ಅವನ ಎಂಜಿನಿಯರುಗಳೇ ಬರೆದುಕೊಟ್ಟಿದ್ದಾರೆ. ಆಮೇಲೂ ಒಡೆಯುತ್ತೇನೆ ಅಂದರೆ? ಇಲ್ಲಿ ಆಗಿದ್ದು ಅಷ್ಟೇ. ಲೇನ್ ತೆಗೆದರೆ ಟ್ರಾಫಿಕ್ ಹೇಳಿಕೊಳ್ಳುವಷ್ಟು ಕಡಿಮೆಯಾಗಲ್ಲ, ಜನ ಸಾಯುವ, ಗಾಯಗೊಳ್ಳುವ ಅಪಾಯ ಮಾತ್ರ ಹೆಚ್ಚುತ್ತದೆ ಅನ್ನುವ ಸಲಹೆ ಸರ್ಕಾರದ ಕಡತದಲ್ಲೇ ಇತ್ತು. ಮಸೂದೆಗೆ ಇನ್ನೊಂದು ತಿದ್ದುಪಡಿಯನ್ನೂ ಸೇರಿಸಿದ್ದರು: ಲೇನ್ ತೆಗೆದ ಮೇಲೆ ಯಾರಿಗಾದರೂ ಪೆಟ್ಟಾದರೆ ಸರ್ಕಾರದ ಮೇಲೆ ದಾವೆ ಹೂಡುವ ಹಾಗಿಲ್ಲ! ಅಪಾಯ ಗೊತ್ತಿರಲಿಲ್ಲ ಅನ್ನುವವರು ಇಂಥದ್ದೊಂದನ್ನು ಯಾಕೆ ಬರೆಸುತ್ತಾರೆ, ನೀವೇ ಹೇಳಿ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ, ಸರ್ಕಾರ ಲೇನ್ ಮುಟ್ಟೋ ಹಾಗೇ ಇಲ್ಲವಾ ಅನ್ನುವುದು. ತೀರ್ಪು ಮುಟ್ಟಿದ್ದು ಆ ಮೂರು ರಸ್ತೆಗಳ ಲೇನ್ ತೆಗೆಯುವುದನ್ನು ಮಾತ್ರ. ಹೊಸ ಲೇನಿಗೆ ಅನುಮತಿ ಬೇಕೆಂಬ ಭಾಗಕ್ಕೆ ಅದರಿಂದ ಏನೂ ಆಗಲಿಲ್ಲ. ಸರ್ಕಾರವೂ ಸುಮ್ಮನಾಗಲಿಲ್ಲ, ಮೇಲ್ಮನವಿ ಹಾಕುತ್ತೇವೆ ಅಂತ ತಕ್ಷಣವೇ ಹೇಳಿತು.

ಯಾರೂ ಕೇಳದಿದ್ದರೂ ಒಂದು ಮಾತು. ನಗರದ ರಸ್ತೆಯ ಬಣ್ಣದ ಗೆರೆಗೆ ಪ್ರಾಂತ್ಯ ಕೈ ಹಾಕುವುದು ಹೇಗೆ? ಕೆನಡಾದ 1867ರ ಸಂವಿಧಾನ ನಗರಸಭೆಗಳನ್ನು ಪ್ರಾಂತ್ಯಗಳ ಸುಪರ್ದಿಗೆ ಬಿಟ್ಟಿದೆ, ಅದಕ್ಕೆ. 2018ರಲ್ಲಿ ಚುನಾವಣಾ ಪ್ರಚಾರ ನಡೆಯುತ್ತಿರುವಾಗಲೇ ಟೊರಾಂಟೊದ ವಾರ್ಡುಗಳನ್ನು 47ರಿಂದ 25ಕ್ಕೆ ಇಳಿಸಿದ್ದೂ ಬಿಲ್ 212 ತಂದ ಇದೇ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಡಗ್ ಫೋರ್ಡ್. 2021ರಲ್ಲಿ ಸುಪ್ರೀಂ ಕೋರ್ಟು 5–4ರಲ್ಲಿ ಅದನ್ನು ಎತ್ತಿಹಿಡಿಯಿತು. ಪಾಲಿಕೆಯನ್ನು ರಾಜ್ಯ ಸರ್ಕಾರ ಹರಿದು ಹಂಚಿದ್ದನ್ನು ಕಂಡ ಬೆಂಗಳೂರಿನವರಿಗೆ ಇದೇನೂ ಹೊಸದಲ್ಲ.

ಹಾಗಂತ ನಗರಸಭೆಯನ್ನು ತೀರಾ ಪಾಪದ್ದು ಅಂದುಕೊಳ್ಳಬೇಡಿ. ಟೊರಾಂಟೊದ ಜಾರ್ವಿಸ್ ಸ್ಟ್ರೀಟಿಗೆ 2010ರಲ್ಲಿ ಸೈಕಲ್ ಲೇನ್ ಬಂತು, 2012ರಲ್ಲಿ ಅಳಿಸಿಹೋಯಿತು. ಅಳಿಸಿದ್ದು ನಗರಸಭೆಯೇ. ಆಗ ಮೇಯರ್ ರಾಬ್ ಫೋರ್ಡ್. ಕೌನ್ಸಿಲರುಗಳ ಸಾಲಿನಲ್ಲಿ ಅವರ ಅಣ್ಣ ಡಗ್ ಕೂಡ ಕೂತಿದ್ದರು.