ಗೇಮ್‌ ನಾಯಕಿಯರ ಬಟ್ಟೆ ಜಗಳಕ್ಕೆ ನಲವತ್ತು ವರ್ಷ

2024ರ ಏಪ್ರಿಲ್‌ನಲ್ಲಿ ‘ಸ್ಟೆಲ್ಲರ್ ಬ್ಲೇಡ್’ ಬಂದಾಗ ಆಟ ಹೇಗಿದೆ ಅನ್ನೋದಕ್ಕಿಂತ ಅದರ ನಾಯಕಿ ಈವ್‌ಳ ಮೈಗಂಟಿದ ಬಟ್ಟೆಯ ಬಗ್ಗೆಯೇ ಜಾಸ್ತಿ ಮಾತು ನಡೆಯಿತು. ಇವಳು ಯೋಧೆಯೋ ಗೊಂಬೆಯೋ ಅಂತ ಒಂದು ಗುಂಪು ಕೇಳಿತು. ಅಪ್‌ಡೇಟ್‌ನಲ್ಲಿ ಒಂದೆರಡು ಉಡುಪಿಗೆ ಚೂರು ಬಟ್ಟೆ ಸೇರಿಸಿದ್ದೇ ತಡ, ಇನ್ನೊಂದು ಗುಂಪು ಇದು ಸೆನ್ಸಾರ್ ಅಂತ ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಕ್ಕೆ ಇಳಿಯಿತು.

ಇದು ಹಳೇ ಜಗಳ. 1982ರಲ್ಲಿ ಅಟಾರಿ 2600 ಅನ್ನೋ ಗೇಮ್‌ ಯಂತ್ರಕ್ಕೆ ‘ಕಸ್ಟರ್ಸ್ ರಿವೆಂಜ್’ ಅನ್ನೋ ಆಟ ಬಂತು. ಕಟ್ಟಿಹಾಕಿದ ಮೂಲನಿವಾಸಿ ಹೆಣ್ಣಿನ ಮೇಲೆ ಅತ್ಯಾಚಾರ ಮಾಡೋದೇ ಅದರ ಗುರಿ. ಪರದೆ ಮೇಲೆ ಕಾಣುತ್ತಿದ್ದದ್ದು ಒಂದಿಷ್ಟು ಬಣ್ಣದ ಚೌಕಗಳು ಮಾತ್ರ. ಆದರೂ ನ್ಯೂಯಾರ್ಕ್‌ನಲ್ಲಿ ಮಹಿಳಾ ಸಂಘಟನೆಗಳು, ಮೂಲನಿವಾಸಿ ಗುಂಪುಗಳು ಪ್ರತಿಭಟನೆ ಮಾಡಿದವು.

ಅದು ಬಿಡಿ, ಅದನ್ನು ಸಮರ್ಥಿಸುವವರು ಯಾರೂ ಇರಲಿಕ್ಕಿಲ್ಲ. ನನಗೆ ಜಾಸ್ತಿ ಕುತೂಹಲ ಹುಟ್ಟಿಸೋದು 1986ರ ‘ಮೆಟ್ರಾಯ್ಡ್’. ಆಟದುದ್ದಕ್ಕೂ ಅದರ ನಾಯಕಿ ಸಾಮಸ್ ಕವಚದೊಳಗೇ ಇರುತ್ತಾಳೆ, ಇಂಗ್ಲಿಷ್ ಕೈಪಿಡಿಯಲ್ಲೂ ಅವಳನ್ನು ಗಂಡಸು ಅಂತಲೇ ಬರೆದಿದ್ದರು. ಬೇಗ ಆಟ ಮುಗಿಸಿದರೆ ಮಾತ್ರ ಕವಚ ಕಳಚಿ, ಒಳಗಿರೋದು ಹೆಣ್ಣು ಅಂತ ಗೊತ್ತಾಗುತ್ತಿತ್ತು. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿಯಲ್ಲಿ ಕಾಣಿಸುತ್ತಿದ್ದಳು. ಅಲ್ಲಿಯವರೆಗೆ ಹೋರಾಡಿದ ನಾಯಕಿಯೂ ಅವಳೇ, ಆಡಿದವನಿಗೆ ಸಿಗೋ ಬಹುಮಾನವೂ ಅವಳೇ. ಕೈಯಲ್ಲಿ ಕಂಟ್ರೋಲರ್ ಹಿಡಿದಿರೋದು ಹುಡುಗನೇ ಅನ್ನೋ ಲೆಕ್ಕಾಚಾರ ಅಲ್ಲೇ ಇದೆ, ಇವತ್ತಿನ ಜಗಳದ ಬೇರೂ ಬಟ್ಟೆಗಿಂತ ಜಾಸ್ತಿ ಅದೇ ಲೆಕ್ಕಾಚಾರದಲ್ಲಿದೆ.

1996ರಲ್ಲಿ ‘ಟೂಂಬ್ ರೈಡರ್’ನ ಲಾರಾ ಕ್ರಾಫ್ಟ್ ಬಂದಳು. ಆಟದಲ್ಲಿ ಅವಳು ಯಾರಿಗೂ ಕ್ಯಾರೇ ಅನ್ನದ ಸಾಹಸಿ, ಗುಹೆಯೊಳಗೆ ಒಬ್ಬಳೇ ನುಗ್ಗುತ್ತಾಳೆ. ಜಾಹೀರಾತಿನಲ್ಲಿ ಮಾತ್ರ ಅವಳ ಮೈಯದ್ದೇ ಪ್ರದರ್ಶನ. ಅವಳನ್ನು ರೂಪಿಸಿದ ಟೋಬಿ ಗಾರ್ಡ್‌ಗೇ ಈ ಪ್ರಚಾರ ಹಿಡಿಸದೆ 1997ರಲ್ಲಿ ಕಂಪನಿ ಬಿಟ್ಟರು, ಲಾರಾ ಬಗ್ಗೆ ವಾದ ಮಾಡುವಾಗ ಇದು ಯಾರಿಗೂ ನೆನಪಿರಲ್ಲ. ಆಮೇಲೆ ಆಟಕ್ಕೆ ಸೇರಿಸಿದರೆ ಅವಳನ್ನು ಬೆತ್ತಲೆ ಮಾಡುವ ಪ್ಯಾಚ್‌ (ಪುಟ್ಟ ತಂತ್ರಾಂಶ) ಒಂದು ಇಂಟರ್ನೆಟ್‌ನಲ್ಲಿ ಹರಿದಾಡಿತು, ಅಲ್ಲಿಯವರೆಗೆ ಅವಳ ಮೈ ತೋರಿಸಿಯೇ ಮಾರುತ್ತಿದ್ದ ಪ್ರಕಾಶಕರು ಅದನ್ನು ಹಾಕಿದ ಸೈಟ್‌ಗಳಿಗೆ ನೋಟಿಸ್ ಕಳಿಸಿದರು! 1996ರಲ್ಲೇ ಶುರುವಾದ ಫೈಟಿಂಗ್ ಆಟ ‘ಡೆಡ್ ಆರ್ ಅಲೈವ್’ಗೆ ಈ ಮುಜುಗರವೂ ಇರಲಿಲ್ಲ. ಎದೆ ಕುಣಿಸೋದೇ ಅದರ ಹೆಗ್ಗುರುತಾಯಿತು, 2003ರಲ್ಲಿ ಅದೇ ಫೈಟರ್‌ಗಳಿಗೆ ಬಿಕಿನಿ ಹಾಕಿಸಿ ವಾಲಿಬಾಲ್ ಆಡಿಸಿದರು.

2012ರಲ್ಲಿ ಸ್ತ್ರೀವಾದಿ ವಿಮರ್ಶಕಿ ಅನಿತಾ ಸರ್ಕೀಸಿಯನ್, ಗೇಮ್‌ಗಳಲ್ಲಿ ಹೆಣ್ಣನ್ನು ತೋರಿಸುವ ರೀತಿಯ ಬಗ್ಗೆ ವೀಡಿಯೊ ಸರಣಿ ಮಾಡಲು ಜನರಿಂದ 6,000 ಡಾಲರ್ ಕೇಳಿದರು. ಬಂದದ್ದು 1,58,000ಕ್ಕೂ ಹೆಚ್ಚು. ಜೊತೆಗೆ ಬೈಗುಳ, ಬೆದರಿಕೆಗಳ ಸುರಿಮಳೆ. 2014ರಲ್ಲಿ ಗೇಮರ್‌ಗೇಟ್, ಅಂದರೆ ಗೇಮ್‌ ಲೋಕದ ಹೆಂಗಸರಿಗೆ ಆನ್‌ಲೈನ್‌ನಲ್ಲಿ ಕಿರುಕುಳ ಕೊಟ್ಟ ಗಲಾಟೆ ಜೋರಾಗಿದ್ದಾಗ, ಗುಂಡು ಹಾರಿಸುವ ಬೆದರಿಕೆ ಬಂದು ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಅವರ ಭಾಷಣವೇ ರದ್ದಾಯಿತು. ಅವರ ಕೆಲವು ವಾದ ನನಗೂ ಅತಿ ಅನ್ನಿಸಿವೆ, ಆದರೆ ಅದಕ್ಕೆ ಉತ್ತರ ವಾದವೇ ಆಗಬೇಕಿತ್ತು.

ಎಲ್ಲ ಗೇಮ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೂ ಆಗಲ್ಲ. ‘ಬಯೊನೆಟ್ಟಾ’ ಆಟದ ಅದೇ ಹೆಸರಿನ ನಾಯಕಿಯ ವಿನ್ಯಾಸ ಮಾಡಿದ್ದು ಮಾರಿ ಶಿಮಜಾಕಿ ಅನ್ನೋ ಮಹಿಳೆ. ಬಯೊನೆಟ್ಟಾಳ ಬೆಡಗು ಅವಳ ಹಿಡಿತದಲ್ಲೇ ಇದೆ ಅಂತ ಮೆಚ್ಚಿಕೊಳ್ಳುವ ಹೆಂಗಸರೂ ಇದ್ದಾರೆ, ಕ್ಯಾಮೆರಾ ಮಾತ್ರ ಗಂಡಸಿನದೇ ಅನ್ನೋರೂ ಇದ್ದಾರೆ. 2015ರ ‘ಮೆಟಲ್ ಗೇರ್ ಸಾಲಿಡ್ 5’ರ ಕ್ವೈಯೆಟ್ ಅನ್ನೋ ಪಾತ್ರದ್ದು ಬೇರೆ ಕಥೆ. ಯುದ್ಧಭೂಮಿಯಲ್ಲಿ ಬಿಕಿನಿ ಯಾಕೆ ಅಂದರೆ, ಅವಳು ಚರ್ಮದಿಂದ ಉಸಿರಾಡುತ್ತಾಳಂತೆ. ಆ ಕಾರಣ ಕಟ್ಟಿದವರೂ ಆಟ ಮಾಡಿದವರೇ ಅಲ್ವಾ?

2016ರಲ್ಲಿ ‘ಓವರ್‌ವಾಚ್’ ಆಟದ ಟ್ರೇಸರ್ ಅನ್ನೋ ಪಾತ್ರದ ಗೆಲುವಿನ ಭಂಗಿ ಬಗ್ಗೆ ಆಟಗಾರರೊಬ್ಬರು ಎತ್ತಿದ ತಕರಾರು ಇದಕ್ಕಿಂತ ಚೊಕ್ಕದಾಗಿತ್ತು. ಬೆನ್ನು ತಿರುಗಿಸಿ ನಿಂತು, ಭುಜದ ಮೇಲಿಂದ ನೋಡುವ ಭಂಗಿ ಅದು. ಇಂಥ ಭಂಗಿ ಅದೇ ಆಟದ ಬೆಡಗಿನ ಪಾತ್ರ ವಿಡೋಮೇಕರ್‌ಗಾದರೆ ಒಪ್ಪುತ್ತೆ, ಚಟಪಟ ಓಡಾಡುವ ಟ್ರೇಸರ್‌ಗೆ ಅಲ್ಲ ಅಂತ ಅವರ ವಾದ. ಗೇಮ್‌ ಡೈರೆಕ್ಟರ್ ಜೆಫ್ ಕಾಪ್ಲನ್ ಒಪ್ಪಿದರು, ಭಂಗಿ ಬದಲಾಯಿತು. ಹೊಸದೂ ಹಳೇ ಪಿನ್‌ಅಪ್ (ಗೋಡೆಗೆ ಅಂಟಿಸುವ ಬೆಡಗಿಯರ) ಚಿತ್ರದ ಥರವೇ ಇತ್ತು, ಆದರೆ ತುಂಟಿ ಟ್ರೇಸರ್‌ಗೆ ಹೊಂದುತ್ತಿತ್ತು.

2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎರಡನೇ ಭಾಗದಲ್ಲಿ ಆ್ಯಬಿ ಅನ್ನೋ ಪಾತ್ರ ಬಂದಾಗ ಬಟ್ಟೆಯ ಮಾತೇ ಇರಲಿಲ್ಲ. ಅವಳ ತೋಳು ದಪ್ಪ ಅನ್ನೋದೇ ತಕರಾರು. ಆಟದಲ್ಲಿ ಅವಳು ಮಾಡಿದ ಒಂದು ಕೊಲೆಯ ಸಿಟ್ಟೂ ಸೇರಿ, ಕೊನೆಗೆ ಅವಳಿಗೆ ದನಿ ಕೊಟ್ಟ ಲಾರಾ ಬೈಲಿಗೂ ಕೊಲೆ ಬೆದರಿಕೆ ಬಂತು. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಬೆತ್ತಲೆ ಮೈಯೂ ಇದೆ, ಪ್ರಣಯವೂ ಇದೆ. ಆದರೆ ಅಲ್ಲಿ ಗಂಡು ಹೆಣ್ಣು ಇಬ್ಬರೂ ಬಟ್ಟೆ ಬಿಚ್ಚುತ್ತಾರೆ, ಬೇಡ ಅನ್ನಿಸಿದರೆ ಸೆಟ್ಟಿಂಗ್‌ನಲ್ಲಿ ಬೆತ್ತಲೆತನ ಆಫ್ ಮಾಡಬಹುದು. ಅದರ ಮೇಲೆ ಈ ಮಟ್ಟದ ಜಗಳ ಆಗಲಿಲ್ಲ.