ಎಂಟು ತಿಂಗಳ ಕಾಂಟ್ರಾಕ್ಟು, ಒಂಬತ್ತು ತಿಂಗಳ ಮೊಣಕಾಲು

ಕಾರವಾರದ ಮಾಲಾದೇವಿ ಮೈದಾನದಲ್ಲಿ ಫುಟ್‌ಬಾಲ್ ಪ್ರಾಕ್ಟೀಸ್ ಮುಗಿದ್ಮೇಲೆ ಹುಡುಗ್ರು ಮೊಬೈಲ್ ಹಿಡ್ಕೊಂಡು ಬರ್ತಾರೆ, ಸರ್ ಈ ಕಾಂಟ್ರಾಕ್ಟಿಗೆ ಸೈನ್ ಮಾಡ್ಲಾ ಅಂತ. ಕಾಳಿ ಸೇತುವೆ, ಮಾಜಾಳಿ, ಪೋಳೆಂ ಚೆಕ್‌ಪೋಸ್ಟ್ ದಾಟಿದ್ರೆ ಗೋವಾ, ಹಂಗಾಗಿ ಕಾರವಾರದ ಹುಡುಗನಿಗೆ ಬೆಂಗಳೂರಿಗಿಂತ ಮಡಗಾಂವ ಕಡೆ ಕ್ಲಬ್ಬುಗಳೇ ಹತ್ರ. ನಾನೂ ಆ ದಾರಿಲೇ ಹೋದವ, ಹನ್ನೊಂದು ವರ್ಷ ಆಡಿದೆ, ಏಳು ಕ್ಲಬ್ಬು, ಒಂದರಲ್ಲೂ ಎರಡು ಸೀಸನ್ನಿಗಿಂತ ಜಾಸ್ತಿ ಇರ್ಲಿಲ್ಲ.

ಕೆಳಗಿನ ಲೀಗುಗಳಲ್ಲಿ ಕಾಂಟ್ರಾಕ್ಟು ಹೆಚ್ಚಾಗಿ ಸೀಸನ್ನಿಗೆ ಮಾತ್ರ. ಮಳೆ ಶುರುವಾದ್ರೆ ಸಂಬಳ ಬಂದ್. ನಮ್ಮನೇಲಿ ಅಪ್ಪ ಟ್ರಾಲರ್ ಬೋಟಿಗೆ ಹೋಗ್ತಿದ್ದ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಅಂದ್ರೆ ಅಪ್ಪಂದೂ ನಂದೂ ಒಟ್ಟಿಗೇ ಖಾಲಿ ಕೈ, ಅಮ್ಮ ಹೆಂಗೆ ನಿಭಾಯಿಸಿದ್ಲೋ ಅಂತ ಈಗ್ಲೂ ನೆನಪಾದ್ರೆ ಹೊಟ್ಟೆ ಚುರ್ ಅಂತದೆ.

ಆದ್ರೆ ನಿಜವಾದ ಪೆಟ್ಟು ಬೇರೆ. ಎಸಿಎಲ್, ಅಂದ್ರೆ ಮೊಣಕಾಲಿನ ಒಳಗಿನ ಒಂದು ಕಟ್ಟು, ಹರಿದು ಆಪರೇಷನ್ ಆದ್ರೆ ಮತ್ತೆ ಮ್ಯಾಚಿಗೆ ಇಳಿಯೋಕೆ ಸುಮಾರು ಒಂಬತ್ತು ತಿಂಗಳು ಬೇಕು. ಕಾಂಟ್ರಾಕ್ಟು ಎಂಟೇ ತಿಂಗಳು. ನೀವು ಇನ್ನೂ ಫಿಸಿಯೋ ಹತ್ರ ಓಡಾಡ್ತಿರುವಾಗ್ಲೇ ಕ್ಲಬ್ಬಿಗೂ ನಿಮ್ಗೂ ಸಂಬಂಧ ಮುಗಿದಿರ್ತದೆ. ಅದ್ಕೇ ನಾನು ಮೊದ್ಲು ನೋಡೋದು ಸಂಬಳದ ಅಂಕಿ ಅಲ್ಲ, ಆಪರೇಷನ್ ಖರ್ಚು ಯಾರ್ದು, ಅವಧಿ ಮುಗಿದ್ಮೇಲೂ ಚಿಕಿತ್ಸೆ ಕೊಡಿಸ್ತಾರಾ, ಇದು ಬರೆದಿದೆಯಾ ಅಂತ.

ಎರಡ್ನೇದು ಸಂಬಳ ಬಾಕಿ. ಒಂದು ಕ್ಲಬ್ಬು ನನ್ಗೆ ಮೂರು ತಿಂಗಳು ಕೊಡ್ಲಿಲ್ಲ, ಮುಂದಿನ ವಾರ ಮುಂದಿನ ವಾರ ಅಂದ್ರು, ನಾನು ಬಾಯಲ್ಲೇ ಕೇಳ್ತಾ ಇದ್ದೆ, ಒಂದು ಚೀಟಿನೂ ಬರೀಲಿಲ್ಲ, ಆ ದುಡ್ಡು ಹೋಯ್ತು. 2018ರಲ್ಲಿ ಜಗತ್ತಿನ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಲ್ಲಿ ಒಂದು ಕಲಮು ಸೇರ್ತು: ಎರಡು ತಿಂಗಳ ಸಂಬಳ ಬಾಕಿ ಉಳಿಸ್ಕೊಂಡ್ರೆ ಆಟಗಾರ ಬರಹದಲ್ಲಿ ನೋಟಿಸ್ ಕೊಡ್ಬೇಕು, ಕನಿಷ್ಠ 15 ದಿನ ಟೈಮ್ ಕೊಡ್ಬೇಕು, ಆಗ್ಲೂ ಕೊಡದಿದ್ರೆ ಕಾಂಟ್ರಾಕ್ಟು ಮುರಿಯೋಕೆ ಸರಿಯಾದ ಕಾರಣ ಇದೆ ಅಂತ ಲೆಕ್ಕ. ನಮ್ ದೇಶದೊಳಗಿನ ತಕರಾರು ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿಗೆ ಹೋಗ್ತದೆ. ಅಲ್ಲಿ ಕಾಗದ ಬೇಕು, ಬಾಯಿಮಾತು ನಡೆಯೋದಿಲ್ಲ. ಸಹಿ ಆದ ಕಾಂಟ್ರಾಕ್ಟಿನ ಒಂದು ಪ್ರತಿ ಮನೇಲಿರ್ಲಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ, ವಾಟ್ಸಾಪ್ ಮೆಸೇಜ್ ಅಳಿಸ್ಬೇಡಿ.

ಮೊನ್ನೆ ಒಬ್ಬ ಹತ್ತೊಂಬತ್ತರ ಗೋಲ್‌ಕೀಪರ್ ತಂದ ಕಾಗದದಲ್ಲಿ ಗಾಯದ ಬಗ್ಗೆ ಒಂದು ಅಕ್ಷರನೂ ಇರ್ಲಿಲ್ಲ. ತಮಾ, ಕೇಳು, ಕೇಳಿದ್ರೆ ಬೇಡ ಅಂದ್ರೂ ಅಂದಾರು, ಆದ್ರೂ ಕೇಳು ಅಂದೆ. ಕೇಳಿದಾನೆ. ಇನ್ನೂ ಉತ್ತರ ಬಂದಿಲ್ಲ, ದಿನಾ ಸಂಜೆ ಮೈದಾನಕ್ಕೆ ಬರ್ತಾನೆ, ಫೋನು ಗೋಲ್‌ಪೋಸ್ಟಿನ ಬುಡದಲ್ಲೇ ಇಟ್ಕೊಂಡಿರ್ತಾನೆ.